ಅದರಲ್ಲಿ ನಿಮಗೆ ಗೊತ್ತಿರುವುದು ಯಾವುದು?

ಪ್ರಶ್ನೆ: ನಾನು ಮಂಗಳೂರಿನ ಕಡೆಯವಳು. 14 ವರ್ಷಗಳಿಂದ ಷಿಕಾಗೊ ಹತ್ತಿರದ ಒಂದು ಉಪನಗರದಲ್ಲಿದ್ದೇನೆ. ಇಲ್ಲಿಯ ಇಗರ್ಜಿಯ ಪರಿಚಯದಿಂದ ಒಂದು ಕ್ಯಾಥೊಲಿಕ್ ಫ್ರಟರ್ನಲ್ ಬೆನಿಫಿಟ್ ಸೊಸೈಟಿಗೆ, ಎಂದರೆ ಸದಸ್ಯರೇ ಕೂಡಿ ಪರಸ್ಪರ ವಿಮೆ, ನೆರವು ಒದಗಿಸಿಕೊಳ್ಳುವ ಸಂಘಕ್ಕೆ, ಸದಸ್ಯಳಾದೆ, ನಮ್ಮ ಜೀವವಿಮೆಯೂ ಅಲ್ಲಿಯೇ ಇದೆ. ಈ ವರ್ಷ ಸ್ಥಳೀಯ ಶಾಖೆಯ ಸನ್ಮಾನ ಸಮಿತಿಗೆ ನನ್ನನ್ನು ಸೇರಿಸಿದ್ದಾರೆ. ಕೈಯಲ್ಲಿರುವುದು 1,500 ಡಾಲರ್. ಪ್ರತಿವರ್ಷ ಹೋಟೆಲಿನಲ್ಲಿ ಒಂದು ಊಟ, ಒಂದು ಫಲಕ, ಒಂದು ಗಿಫ್ಟ್ ಕಾರ್ಡ್. ಸರದಿಯ ಮೇಲೆ ಅದೇ ಮೂರು ನಾಲ್ಕು ಪದಾಧಿಕಾರಿಗಳಿಗೆ ಅವು ಹೋಗುತ್ತವೆ. 31 ವರ್ಷಗಳಿಂದ ಲೆಕ್ಕಪತ್ರ ನೋಡಿಕೊಂಡು, ಕಾಯಿಲೆ ಬಿದ್ದವರ ಮನೆಗೆ ಹೋಗಿಬರುತ್ತಿರುವ, 80 ದಾಟಿದ ಮಹಿಳಾ ಕಾರ್ಯದರ್ಶಿಯೊಬ್ಬರಿದ್ದಾರೆ. ಎರಡು ಸಲ ಅವರು ಪ್ರಶಸ್ತಿ ಬೇಡವೆಂದಿದ್ದಾರೆ. ಅವರನ್ನು ಹೇಗೆ ಗೌರವಿಸುವುದು? ನಗದು ಕೊಡಬಹುದೆ? ನಮ್ಮ ಕಡೆಯಂತೆ ಶಾಲು, ಪೇಟ, ಹಣ್ಣಿನ ಬುಟ್ಟಿ ಎಂದರೆ ಇಲ್ಲಿಯವರು ನಗುತ್ತಾರೆಯೆ?

ಉತ್ತರ: ನಾನು ಇಂಥದೇ ಒಂದು ಸಂಸ್ಥೆಯ ಪ್ರಧಾನ ಕಚೇರಿಯಲ್ಲಿ 22 ವರ್ಷ ಶಾಖೆಗಳ ಉಸ್ತುವಾರಿ ನೋಡಿಕೊಂಡವನು. ನಿಮ್ಮ ಪತ್ರ ಓದುತ್ತಿದ್ದಂತೆ ನನ್ನದೇ ಒಂದು ಪೆದ್ದುತನ ನೆನಪಿಗೆ ಬಂತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷವೋ ಮೂರನೆಯ ವರ್ಷವೋ, ಒಬ್ಬ ಹಿರಿಯ ಕಾರ್ಯದರ್ಶಿಗೆ ಸನ್ಮಾನ ಏರ್ಪಡಿಸುವ ಹೊಣೆ ನನ್ನ ಮೇಲೆ ಬಿತ್ತು. ನಾನು ಗೊತ್ತುಮಾಡಿದ ಹೋಟೆಲು ಅವರ ಊರಿನಿಂದ 60 ಮೈಲಿ ದೂರ. ರಾತ್ರಿ ಹೊತ್ತು ಕಾರು ಓಡಿಸುವುದನ್ನು ಅವರು ಬಿಟ್ಟು ವರ್ಷಗಳಾಗಿದ್ದವು. ನನಗೆ ಅದು ತಿಳಿದಿರಲಿಲ್ಲ, ತಿಳಿದುಕೊಳ್ಳಬೇಕೆಂದೂ ಅನ್ನಿಸಿರಲಿಲ್ಲ. ಇನ್ನೊಬ್ಬ ಸದಸ್ಯೆ ತಮ್ಮ ಮನೆಗೆಲಸ ಬಿಟ್ಟು ಅವರನ್ನು ಕರೆತಂದರು. ನಾನು ವೇದಿಕೆ ಹತ್ತಿ ‘ದಶಕಗಳ ನಿಸ್ವಾರ್ಥ ಸೇವೆ’ ಎಂದೆಲ್ಲ ಓದಿ, ಗಾಜಿನ ಫಲಕ ಕೊಟ್ಟು, ಚಪ್ಪಾಳೆ ಮುಗಿಯುವ ತನಕ ನಗುತ್ತ ನಿಂತೆ. ಊಟದ ಹೊತ್ತಿಗೆ ಆ ಹಿರಿಯ ಕಾರ್ಯದರ್ಶಿ ನನ್ನ ಪಕ್ಕಕ್ಕೆ ಬಂದು ಬಹಳ ಮೆಲ್ಲಗೆ ಕೇಳಿದರು: ‘ಅಷ್ಟು ವರ್ಷ ಎಂದಿರಲ್ಲ, ಅದರಲ್ಲಿ ನಿಮಗೆ ಗೊತ್ತಿರುವುದು ಯಾವುದು?’

ಕೋಪದಿಂದ ಕೇಳಿದ ಮಾತಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಸನ್ಮಾನದ ಕುರಿತು ನಾನು ಕಲಿತದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕಿ ಕಲಿತದ್ದು. ನಿಮ್ಮ ಕಾರ್ಯದರ್ಶಿ ಎರಡು ಸಲ ಬೇಡವೆಂದದ್ದು ವಿನಯದಿಂದಲೇ ಇರಬಹುದು. ಆದರೆ ಏನೂ ಗೊತ್ತಿಲ್ಲದವರ ಕೈಯಿಂದ ಹೊಗಳಿಸಿಕೊಳ್ಳುವುದು ಬೇಡ ಎನ್ನುವುದೂ ಅದರಲ್ಲಿ ಸೇರಿರಬಹುದು.

ಶಾಲು, ಹಣದ ಮಾತಿಗೆ ಬರುವ ಮುನ್ನ ಈ ಸೊಸೈಟಿಗಳಲ್ಲಿ ಕಾರ್ಯದರ್ಶಿ ಎಂದರೆ ಯಾರು ಎನ್ನುವುದನ್ನು ಹೇಳಬೇಕು. ನಿಮ್ಮ ಸಮಿತಿಯ ಉಳಿದವರಿಗೂ ಇದು ಗೊತ್ತಿರಲಾರದು ಎಂಬುದು ನನ್ನ ಅನುಮಾನ.

1868ರಲ್ಲಿ ಪೆನ್ಸಿಲ್ವೇನಿಯದ ಮೀಡ್‌ವಿಲ್‌ನಲ್ಲಿ ಜಾನ್ ಜೋರ್ಡನ್ ಅಪ್‌ಚರ್ಚ್ ಎಂಬ ರೈಲ್ವೆ ಕೆಲಸಗಾರ ‘ಏನ್ಷಂಟ್ ಆರ್ಡರ್ ಆಫ್ ಯುನೈಟೆಡ್ ವರ್ಕ್‌ಮೆನ್’ ಎಂಬ ಸಂಘ ಕಟ್ಟಿದ. ಹೆಸರು ಭಾರಿ, ವ್ಯವಸ್ಥೆ ಸರಳ. ಸದಸ್ಯನೊಬ್ಬ ಸತ್ತರೆ ಉಳಿದವರು ತಲೆಗೆ ಒಂದು ಡಾಲರ್ ಹಾಕಬೇಕು, ಅವನ ಮನೆಯವರಿಗೆ ಕಡಿಮೆಯೆಂದರೆ 500 ಡಾಲರ್ ಸೇರಬೇಕು. ಮುಂಗಡ ಕಂತಿಲ್ಲ, ಮೂಲನಿಧಿಯಿಲ್ಲ, ವಯಸ್ಸಿನ ಲೆಕ್ಕವಿಲ್ಲ. ಇಂದಿನ ಫ್ರಟರ್ನಲ್ ಬೆನಿಫಿಟ್ ಸೊಸೈಟಿಗಳಿಗೆಲ್ಲ ಇದೇ ಮೇಲ್ಪಂಕ್ತಿ. 1882ರಲ್ಲಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಪಾದ್ರಿ ಮೈಕೆಲ್ ಮೆಕ್‌ಗಿವ್ನಿ ‘ನೈಟ್ಸ್ ಆಫ್ ಕೊಲಂಬಸ್’ ಕಟ್ಟಿದರು. ಮರುವರ್ಷ ನಿಮ್ಮ ಷಿಕಾಗೊದಲ್ಲೇ ‘ಕ್ಯಾಥೊಲಿಕ್ ಆರ್ಡರ್ ಆಫ್ ಫಾರೆಸ್ಟರ್ಸ್’ ಹುಟ್ಟಿತು. ಪೋಲೆಂಡಿನವರು, ಸ್ಲೊವಾಕರು, ಹಂಗೇರಿಯವರು, ನಾರ್ವೆಯವರು ಎಲ್ಲರೂ ತಮ್ಮ ತಮ್ಮ ಭಾಷೆಯಲ್ಲಿ ಒಂದೊಂದು ಕಟ್ಟಿಕೊಂಡರು. ಹಂಗೇರಿಯವರದು 1886ರಲ್ಲಿ ಪೆನ್ಸಿಲ್ವೇನಿಯದ ಹೇಜಲ್‌ಟನ್‌ನಲ್ಲಿ 13 ಮಂದಿ ಕಲ್ಲಿದ್ದಲು ಗಣಿ ಕಾರ್ಮಿಕರಿಂದ ಮೊದಲಾದದ್ದು. ಗಣಿಯೊಳಗೆ ಇಳಿದವನು ಸಂಜೆ ಮೇಲೆ ಬಂದಾನೆಂಬ ಭರವಸೆಯಿಲ್ಲದ ಕಾಲ, ಗೋರಿಯ ಖರ್ಚಿಗೂ ಮನೆಯವರು ಕೈಯೊಡ್ಡಬೇಕಾಗಿದ್ದ ಕಾಲ.

ಈ ವ್ಯವಸ್ಥೆಯ ಕೀಲು ಎಲ್ಲಿದೆ ನೋಡಿ. ಸಾವಿನ ಸುದ್ದಿ ಬಂದ ಕೂಡಲೇ ಪ್ರತಿ ಶಾಖೆಯ ಕಾರ್ಯದರ್ಶಿ ಮನೆಮನೆಗೆ ಹೋಗಿ ಡಾಲರ್ ಎತ್ತಬೇಕು, ರಸೀತಿ ಕೊಡಬೇಕು, ವಾಯಿದೆಯೊಳಗೆ ಹಣ ಕಳುಹಿಸಬೇಕು. ಕೊಡದವನ ಸದಸ್ಯತ್ವ ಅಮಾನತಾಗುತ್ತದೆ. ಅವನೇ ಮುಂದಿನ ವಾರ ಸತ್ತರೆ ಅವನ ಹೆಂಡತಿಗೆ ಬಿಡಿಕಾಸಿಲ್ಲ. ಆದ್ದರಿಂದ ಸಂಬಳದ ದಿನ ಗಣಿಯ ಬಾಗಿಲಲ್ಲಿ ಕಾದು ನಿಂತು ವಸೂಲಿ ಮಾಡುವ, ಕುಡಿತಕ್ಕೆ ಹಣ ಕಳೆದವನ ಪರವಾಗಿ ತನ್ನ ಜೇಬಿನಿಂದ ಹಾಕಿ ಆಮೇಲೆ ಬೈದು ವಸೂಲಿ ಮಾಡುವ ಕಾರ್ಯದರ್ಶಿಯೇ ಆ ಕಾಲದ ವಿಮೆ. ಬೇರೆ ಆಸ್ತಿಯೇ ಸಂಘಕ್ಕಿರಲಿಲ್ಲ.

ತಲೆಗೊಂದು ಡಾಲರಿನ ಪದ್ಧತಿ ಬಹಳ ಕಾಲ ಬಾಳಲಿಲ್ಲ. ಸದಸ್ಯರಿಗೆ ವಯಸ್ಸಾದಂತೆ ಸಾವುಗಳು ಹೆಚ್ಚಿದವು, ಡಾಲರುಗಳೂ ಹೆಚ್ಚಿದವು, ಹುಡುಗರು ಬಿಟ್ಟುಹೋದರು. ಆಮೇಲೆ ವಯಸ್ಸಿಗೆ ತಕ್ಕ ಕಂತು, ಮೀಸಲು ನಿಧಿ, ರಾಜ್ಯ ಸರ್ಕಾರದ ವಿಮಾ ಅಧಿಕಾರಿಯ ತಪಾಸಣೆ ಎಲ್ಲ ಬಂದವು. ಇಂದು ನಿಮ್ಮ ಕಂತು ಬ್ಯಾಂಕಿನಿಂದ ತಾನಾಗಿ ಕಡಿತವಾಗುತ್ತಿರಬೇಕು. ಹಾಗಾದರೆ ನಿಮ್ಮ ಕಾರ್ಯದರ್ಶಿ ಏಕೆ ಬೇಕು? ಇದಕ್ಕೆ ಭಾವುಕ ಉತ್ತರ ಬೇಡ, ಕಾನೂನಿನ ಉತ್ತರವೇ ಇದೆ. ಅಮೆರಿಕದ ಆದಾಯ ತೆರಿಗೆ ಕಾನೂನಿನ 501(ಸಿ)(8)ನೇ ಕಲಮು ಈ ಸೊಸೈಟಿಗಳಿಗೆ ತೆರಿಗೆ ವಿನಾಯಿತಿ ಕೊಡುವುದು ಎರಡು ಷರತ್ತಿನ ಮೇಲೆ. ಸದಸ್ಯರಿಗೆ ಜೀವವಿಮೆ, ಕಾಯಿಲೆ, ಅಪಘಾತ ಮುಂತಾದ ಪರಿಹಾರ ಕೊಡುವ ಏರ್ಪಾಡಿರಬೇಕು. ಜೊತೆಗೆ ಸಂಘ ‘ಲಾಡ್ಜ್ ಪದ್ಧತಿ’ಯಲ್ಲಿ ನಡೆಯಬೇಕು. ನಮ್ಮೂರಿನ ಬಸ್ ನಿಲ್ದಾಣದ ಎದುರಿನ ಲಾಡ್ಜ್ ಅಲ್ಲ. ಮೂಲಸಂಸ್ಥೆಯಿಂದ ಸನದು ಪಡೆದು, ತಮ್ಮ ವ್ಯವಹಾರವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಳ್ಳುವ ಸ್ಥಳೀಯ ಶಾಖೆಗಳಿಗೆ ಆ ಹೆಸರು. ಒಬ್ಬೊಬ್ಬರಲ್ಲಿ ಒಂದೊಂದು ಹೆಸರು: ಕೆಲವರಲ್ಲಿ ಕೌನ್ಸಿಲ್, ಫಾರೆಸ್ಟರುಗಳಲ್ಲಿ ಕೋರ್ಟ್, ಪೋಲಿಷ್ ಫಾಲ್ಕನ್ಸ್ ಎಂಬವರಲ್ಲಿ ‘ಗೂಡು’, ಹಿಂದಿನ ಮೆಕಬೀಸ್ ಮಹಿಳೆಯರ ಸಂಘದಲ್ಲಿ ‘ಜೇನುಗೂಡು’. ಹೆಸರು ಯಾವುದಾದರೇನು, ಆ ಗೂಡಿನಲ್ಲಿ ಜೀವ ಇರಬೇಕು. ಸಭೆ ಸೇರಬೇಕು, ಲೆಕ್ಕ ಬರೆಯಬೇಕು, ಯಾರಾದರೂ ಯಾರದಾದರೂ ಬಾಗಿಲು ತಟ್ಟಬೇಕು. ಅದು ನಿಂತುಹೋದರೆ ಉಳಿಯುವುದು ಬರೀ ಒಂದು ವಿಮಾ ಕಂಪನಿ, ವಿನಾಯಿತಿಗೆ ಆಧಾರವಿಲ್ಲದ ಕಂಪನಿ. ಹೀಗಾಗಿ 80 ದಾಟಿದ ಆ ಮಹಿಳೆ ನಿಮ್ಮ ಸಂಸ್ಥೆಯ ಮೇಲಿನ ಅಲಂಕಾರವಲ್ಲ, ಅಡಿಪಾಯದಲ್ಲಿ ಕೂತ ಕಲ್ಲು. ಅವರಿಗೆ ಗೌರವ ಸಲ್ಲಿಸುವುದು ಉಪಚಾರದ ಮಾತಲ್ಲ ಎಂದು ಸಮಿತಿಯ ಮೊದಲ ಸಭೆಯಲ್ಲೇ ಹೇಳಿಬಿಡಿ. ಖಜಾಂಚಿಯ ಕಿವಿ ಇಂಥ ಮಾತಿಗೆ ಬೇಗ ತೆರೆದುಕೊಳ್ಳುತ್ತದೆ.

ಇನ್ನು ಆಯ್ಕೆಯ ವಿಷಯ. ಪ್ರತಿವರ್ಷ ಅದೇ ಮೂವರಿಗೆ ಪ್ರಶಸ್ತಿ ಹೋಗುವುದಕ್ಕೆ ಕುತಂತ್ರವೇ ಬೇಕಿಲ್ಲ. ಹೆಸರು ಸೂಚಿಸಿ ಎಂದು ಸಭೆಯಲ್ಲಿ ಕೇಳುತ್ತೀರಿ. ಸಭೆಗೆ ಬರುವವರು ಸಭೆಯಲ್ಲಿ ಮಾತನಾಡುವವರನ್ನು ಕಂಡಿರುತ್ತಾರೆ, ಅವರ ಹೆಸರನ್ನೇ ಹೇಳುತ್ತಾರೆ. ಹಿಂದೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು, ಆಸ್ಪತ್ರೆಯಿಂದ ಬಂದವನ ಮನೆಗೆ ಸೂಪಿನ ಪಾತ್ರೆ ಹೊತ್ತುಹೋದವರು ಆ ಹೊತ್ತಿಗೆ ಸಭೆಯಲ್ಲೇ ಇರುವುದಿಲ್ಲ. ನಾನು ಕಡೆಗೆ ಹಿಡಿದ ದಾರಿ ಇದು: ಪದಾಧಿಕಾರಿಗಳನ್ನು ಕೇಳುವುದನ್ನು ಬಿಟ್ಟೆ. ಕಳೆದ ಎರಡು ವರ್ಷದಲ್ಲಿ ಮನೆಯಲ್ಲಿ ಸಾವು, ದೊಡ್ಡ ಕಾಯಿಲೆ, ಬೆಂಕಿ, ಕೆಲಸ ಹೋಗಿದ್ದು, ಇಂಥ ಯಾವುದಾದರೂ ಆದ ಹತ್ತು ಹನ್ನೆರಡು ಕುಟುಂಬಗಳ ಪಟ್ಟಿ ಮಾಡಿಸಿದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ. ಆಗ ನಿಮ್ಮ ಮನೆಗೆ ಯಾರು ಬಂದರು? ಎರಡನೆಯ ಸಲ ಯಾರು ಬಂದರು?

ಎರಡನೆಯ ಸಲ ಎನ್ನುವುದನ್ನು ಮರೆಯಬೇಡಿ. ಅಂತ್ಯಕ್ರಿಯೆಗೆ ಊರೆಲ್ಲ ಬರುತ್ತದೆ. ಆರು ವಾರ ಕಳೆದ ಮೇಲೆ ಪಿಂಚಣಿ ಅರ್ಜಿ ತುಂಬಿಸಲು, ಸತ್ತವನ ಉಡುಪನ್ನು ಪೆಟ್ಟಿಗೆಗೆ ತುಂಬಿ ಸಾಗಿಸಲು ಬಂದವರು ಬೇರೆ. ನಾನು ಕೇಳಿದ ಕುಟುಂಬಗಳು ಹೇಳಿದ ಹೆಸರುಗಳಲ್ಲಿ ಅರ್ಧಕ್ಕರ್ಧ ಪ್ರಧಾನ ಕಚೇರಿಯ ಯಾವ ಕಡತದಲ್ಲೂ ಇರಲಿಲ್ಲ.

ಗಂಟೆಗಳ ಲೆಕ್ಕದ ಮೇಲೆ ಪ್ರಶಸ್ತಿ ಕೊಡುವ ಪದ್ಧತಿಯನ್ನು ನಿಮ್ಮಲ್ಲಿ ಯಾರಾದರೂ ಸೂಚಿಸಬಹುದು. ಅಮೆರಿಕದಲ್ಲಿ ಅದಕ್ಕೆ ದೊಡ್ಡ ಮಾದರಿಯೂ ಇದೆ: 2003ರಲ್ಲಿ ಅಧ್ಯಕ್ಷರ ಹೆಸರಿನಲ್ಲಿ ಶುರುವಾದ ಸ್ವಯಂಸೇವಾ ಪ್ರಶಸ್ತಿಯಲ್ಲಿ ವಯಸ್ಕರಿಗೆ ವರ್ಷಕ್ಕೆ 100 ಗಂಟೆಗೆ ಕಂಚು, 250ಕ್ಕೆ ಬೆಳ್ಳಿ, 500ಕ್ಕೆ ಚಿನ್ನ ಎಂದು ಮೆಟ್ಟಿಲು ಮಾಡಿದ್ದರು. ಶಾಲಾ ಮಕ್ಕಳಿಗೆ ಇದು ಹುರುಪು ತರುತ್ತದೆ, ನನ್ನ ತಕರಾರಿಲ್ಲ. ಆದರೆ ಸೊಸೈಟಿಯ ಶಾಖೆಯಲ್ಲಿ ಗಂಟೆ ಬರೆದಿಡುವವರು ಒಬ್ಬರು, ಗಂಟೆ ಕಳೆಯುವವರು ಇನ್ನೊಬ್ಬರು. ಸಾಯುತ್ತಿರುವವರ ಹಾಸಿಗೆಯ ಪಕ್ಕ ಕೂತು ಬಂದವರು ಮನೆಗೆ ಬಂದು ‘ಎರಡೂವರೆ ಗಂಟೆ’ ಎಂದು ಬರೆಯುವುದನ್ನು ನಾನು ಕಂಡಿಲ್ಲ. ವರ್ಷಗಳ ಲೆಕ್ಕ ಅದಕ್ಕಿಂತ ವಾಸಿ, ಏಕೆಂದರೆ ಅದನ್ನು ಯಾರೂ ಬರೆದಿಡಬೇಕಿಲ್ಲ. ಈ ಸೊಸೈಟಿಗಳಿಗಿಂತ ಹಳಬರಾದ ಆಡ್ ಫೆಲೋಸ್ ಎಂಬ ಸಂಘದವರು 25 ವರ್ಷ ತುಂಬಿದ ಸದಸ್ಯರಿಗೆ ಒಂದು ಪದಕ ಕೊಡುತ್ತಾರೆ, ಆಮೇಲೆ ಐದೈದು ವರ್ಷಕ್ಕೊಂದು. ಯಾರ ಶಿಫಾರಸೂ ಬೇಡ, ಯಾರ ಮರ್ಜಿಯೂ ಇಲ್ಲ. ಸರದಿಯ ಪ್ರಶಸ್ತಿ ಬಿಡಲಾಗದೆ ಒದ್ದಾಡುವ ಪದಾಧಿಕಾರಿಗಳಿಗೆ ಇಂಥದೊಂದನ್ನು ಗೊತ್ತುಮಾಡಿಬಿಡಿ. ಅವರ ಮುಖವೂ ಉಳಿಯುತ್ತದೆ, ನಿಮ್ಮ ಕೈಯೂ ಬಿಡುವಾಗುತ್ತದೆ.

ಈಗ ನಿಜವಾದ ಕೆಲಸಕ್ಕೆ ಬರೋಣ. 1890ರಲ್ಲಿ ನೆಬ್ರಾಸ್ಕದ ಒಮಾಹದಲ್ಲಿ ಜೋಸೆಫ್ ಕಲನ್ ರೂಟ್ ಎಂಬಾತ ‘ವುಡ್‌ಮೆನ್ ಆಫ್ ದ ವರ್ಲ್ಡ್’ ಕಟ್ಟಿದ. ಅವರ ವಿಮೆಯಲ್ಲಿ ಸದಸ್ಯನ ಗೋರಿಗೊಂದು ಕಲ್ಲು ನಿಲ್ಲಿಸುವ ಏರ್ಪಾಡೂ ಇತ್ತು. ಕಡಿದ ಮರದ ಬುಡದ ಆಕಾರದ ಆ ಕಲ್ಲುಗಳು ಅಮೆರಿಕದ ಹಳೆಯ ಸ್ಮಶಾನಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಮೇಲೆ ಲ್ಯಾಟಿನ್ನಿನಲ್ಲಿ ಒಂದು ಸಾಲು: ಮೌನದಲ್ಲಿದ್ದರೂ ಕೂಗಿ ಹೇಳುತ್ತಾನೆ. ನನಗೆ ಆ ಸಾಲು ಇಷ್ಟ. ಆದರೆ ಏನನ್ನು ಹೇಳುತ್ತಾನೆ ಎಂದು ಮಾತ್ರ ಆ ಕಲ್ಲುಗಳು ಹೆಚ್ಚಾಗಿ ಹೇಳುವುದಿಲ್ಲ. ಹೆಸರು, ಹುಟ್ಟು, ಸಾವು, ಸಂಘದ ಮುದ್ರೆ, ಅಷ್ಟೆ. ಇಲ್ಲಿ ನಮ್ಮ ಕಡೆಯ ಕಲ್ಲು ಹೆಚ್ಚು ಬಾಯಿಬಿಡುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲನ್ನು ನೀವು ಶಾಲೆಯಲ್ಲಿ ಕೇಳಿರಬೇಕು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೇರನಿಗೆ ಒಡೆಯನಾದ ಗಂಗರ ಬೂತುಗ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಂದಿಗೆ ಸೆಣಸಿ, ಎರಡೂ ಸತ್ತವು. ಆ ಸಂಗತಿಯನ್ನೆಲ್ಲ ಕಲ್ಲಿನಲ್ಲಿ ಬರೆದು ನಿಲ್ಲಿಸಿದರು.

ಸನ್ಮಾನದ ಬಗ್ಗೆ ನನಗೆ ಗೊತ್ತಿರುವ ಎರಡು ದೊಡ್ಡ ಮಾತೂ ಆ ಒಂದೇ ಕಲ್ಲಿನಲ್ಲಿವೆ. ಮಾಡಿದ್ದು ಏನು ಎನ್ನುವುದನ್ನು ಬಿಡಿಸಿ ಬರೆಯಬೇಕು. ಏನು ಬೇಕು ಎಂದು ಅವರನ್ನೇ ಕೇಳಬೇಕು.

ಮೊದಲನೆಯದಕ್ಕೆ ಒಂದು ಪುಟದ ಬರಹ ಸಾಕು, ಆದರೆ ಅದಕ್ಕೆ ಒಂದು ತಿಂಗಳು ಹಿಡಿಯುತ್ತದೆ. ‘ನಿಸ್ವಾರ್ಥ’, ‘ಅವಿರತ’, ‘ಅನುಪಮ’ ಎಂಬ ಮೂರು ಪದಗಳನ್ನು ಬಳಸಕೂಡದೆಂದು ನಿಯಮ ಮಾಡಿಕೊಳ್ಳಿ. ನನ್ನ ತಂಡದಲ್ಲಿ ಬಳಸಿದವರು ಡಬ್ಬಿಗೆ ಒಂದು ಡಾಲರ್ ಹಾಕಬೇಕಿತ್ತು, ಅಪ್‌ಚರ್ಚ್ ನೆನಪಿಗೆ. ಅದರ ಬದಲು ಹಳೆಯ ಲೆಕ್ಕಪುಸ್ತಕ ತೆರೆಯಿರಿ. 31 ವರ್ಷದಲ್ಲಿ ಶಾಖೆ ಎಷ್ಟು ಸಾವಿನ ಪರಿಹಾರಗಳ ಕಾಗದಪತ್ರ ನೋಡಿದೆ? ಹಿಮ ಬಿದ್ದು ರಸ್ತೆ ಮುಚ್ಚಿದ ವರ್ಷ ಸಭೆ ಹೇಗೆ ನಡೆಯಿತು? ಕಂತು ಕಟ್ಟಲಾಗದೆ ವಿಮೆ ತಪ್ಪಿಹೋಗುವುದರಲ್ಲಿದ್ದ ಮನೆಗೆ ಯಾರು ಫೋನ್ ಮಾಡಿದರು? ಹೆಸರು ಹೇಳಬಾರದ ಸಂಗತಿಗಳನ್ನು ಹೆಸರಿಲ್ಲದೆ ಬರೆಯಿರಿ. ನಾಲ್ಕು ಘಟನೆ ಸಾಕು, ಆದರೆ ನಾಲ್ಕೂ ದಿನಾಂಕದ ಸಮೇತ ಇರಲಿ. ಬರೆದದ್ದನ್ನು ಅವರ ಜೊತೆಗೇ ಕೆಲಸ ಮಾಡಿದ ಒಬ್ಬರಿಗೆ ಮೊದಲು ತೋರಿಸಿ. ತಪ್ಪು ಸಿಕ್ಕೇ ಸಿಗುತ್ತದೆ. ತಪ್ಪಿರುವ ಹೊಗಳಿಕೆ ತೆಗಳಿಕೆಗಿಂತ ಹೆಚ್ಚು ನೋಯಿಸುತ್ತದೆ, ಏಕೆಂದರೆ ಅದಕ್ಕೆ ಎದುರು ಮಾತನಾಡುವ ಹಾಗೂ ಇಲ್ಲ.

ಎರಡನೆಯದು, ಏನು ಬೇಕು ಎಂದು ಕೇಳುವುದು. ಸಮಿತಿಯಾಗಿ ಕೇಳಬೇಡಿ, ಒಬ್ಬರೇ ಹೋಗಿ ಅವರ ಅಡುಗೆಮನೆಯಲ್ಲಿ ಕೂತು ಕೇಳಿ. ಬರುವ ಉತ್ತರಕ್ಕೆ ಸಿದ್ಧರಾಗಿರಿ. ನಾನು ಹೀಗೆ ಕೇಳಿದಾಗ ಬಂದ ಉತ್ತರಗಳಲ್ಲಿ ಫಲಕ ಎಂದವರು ಬಹಳ ಕಡಿಮೆ. ಒಬ್ಬರು ‘ಹೊಸ ಸಾಫ್ಟ್‌ವೇರ್ ನನಗೆ ಹೇಳಿಕೊಡಲು ಒಬ್ಬ ಹುಡುಗನನ್ನು ಕಳುಹಿಸಿ’ ಎಂದರು. ಇನ್ನೊಬ್ಬರು ‘ಸಭಾಂಗಣದ ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿ’ ಎಂದರು, ಮೂರು ವರ್ಷದಿಂದ ಅದನ್ನೇ ಕೇಳುತ್ತಿದ್ದರಂತೆ. ಮತ್ತೊಬ್ಬರು ‘ಇದನ್ನು ನನ್ನ ಕೈಯಿಂದ ಯಾರಾದರೂ ತೆಗೆದುಕೊಳ್ಳಿ’ ಎಂದು ಅತ್ತುಬಿಟ್ಟರು. ಸನ್ಮಾನ ಎಂಬ ಹೆಸರಿನಲ್ಲಿ ನಾವು ಅವರನ್ನು ಆ ಕುರ್ಚಿಗೆ ಇನ್ನೂ ಐದು ವರ್ಷ ಕಟ್ಟಿಹಾಕುವುದರಲ್ಲಿದ್ದೆವು.

ನಿಮ್ಮ ಕಾರ್ಯದರ್ಶಿ ಯಾವ ಬಗೆಯವರೋ ನನಗೆ ತಿಳಿಯದು. ಬಿಡಬೇಕೆಂದಿರುವವರೋ, ಬಿಡಿಸಿಯಾರೆಂದು ಹೆದರಿರುವವರೋ? ಇದನ್ನು ತಿಳಿಯದೆ ಸನ್ಮಾನಕ್ಕೆ ಕೈಹಾಕಬೇಡಿ. ವಯಸ್ಸಾದವರಿಗೆ ದೊಡ್ಡ ಸಮಾರಂಭ ಎಂದರೆ ಬೀಳ್ಕೊಡುಗೆಯ ವಾಸನೆ ಬರುತ್ತದೆ. ಮುಂದುವರಿಯುವ ಮನಸ್ಸಿದ್ದರೆ ಅದೇ ದಿನ, ಅದೇ ವೇದಿಕೆಯಲ್ಲಿ, ಅವರಿಗೊಂದು ಹೊಸ ಅಧಿಕಾರ ಕೊಡಿ. ವರ್ಷಕ್ಕೆ ಇಷ್ಟು ಹಣವನ್ನು ಯಾರ ಅನುಮತಿಯನ್ನೂ ಕೇಳದೆ ಕಷ್ಟದಲ್ಲಿರುವ ಮನೆಗೆ ಖರ್ಚು ಮಾಡುವ ಅಧಿಕಾರ, ಉದಾಹರಣೆಗೆ. ಇದು ನನ್ನ ಕಲ್ಪನೆಯೇನೂ ಅಲ್ಲ. ಥ್ರೈವೆಂಟ್ ಎಂಬ ದೊಡ್ಡ ಸೊಸೈಟಿ ಸೇವಾಕಾರ್ಯದ ಯೋಜನೆ ತಂದ ಸಾಮಾನ್ಯ ಸದಸ್ಯರ ಕೈಗೆ 250 ಡಾಲರ್ ಬೀಜಧನ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಸ್ವಂತಕ್ಕೆ ಕೊಟ್ಟ 250 ಡಾಲರ್ ಬಹುಮಾನವಾಗುತ್ತದೆ. ಇನ್ನೊಬ್ಬರಿಗಾಗಿ ಖರ್ಚು ಮಾಡಿ ಎಂದು ಕೊಟ್ಟ 250 ಡಾಲರ್ ನಂಬಿಕೆಯಾಗುತ್ತದೆ.

ಗೌರವ ಅಧಿಕಾರವಾಗಿ ಬೆಳೆದದ್ದಕ್ಕೆ ಈ ಪರಂಪರೆಯಲ್ಲಿ ಒಳ್ಳೆಯ ಕಥೆಗಳಿವೆ. ಆಡ್ ಫೆಲೋಸ್ 1851ರಲ್ಲಿ ಸದಸ್ಯರ ಹೆಂಡತಿಯರಿಗೆಂದು ‘ರೆಬೆಕಾ’ ಎಂಬ ಪದವಿ ಸ್ಥಾಪಿಸಿದರು. ಮೊದಲಿಗೆ ಅದು ಬರೀ ಗೌರವ. ರೋಗಿಗಳ ಶುಶ್ರೂಷೆ ಮಾಡುತ್ತಿದ್ದ ಹೆಂಗಸರಿಗೆ ಒಂದು ಬಿರುದು ಸಿಕ್ಕಿತೇ ಹೊರತು ಸ್ವಂತ ಸಭೆಯಿರಲಿಲ್ಲ. ಹೆಂಗಸರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಮುಂದೆ ತಮ್ಮದೇ ಲಾಡ್ಜುಗಳನ್ನು ಪಡೆದುಕೊಂಡರು. ವರ್ಜೀನಿಯದ ರಿಚ್‌ಮಂಡಿನ ಮ್ಯಾಗಿ ಲೀನಾ ವಾಕರ್ ಕಥೆ ಇನ್ನೂ ಗಟ್ಟಿ. ಬಟ್ಟೆ ಒಗೆದು ಬದುಕುತ್ತಿದ್ದ ತಾಯಿಯ ಮಗಳು, ಹುಡುಗಿಯಾಗಿದ್ದಾಗಲೇ ಕಪ್ಪು ಜನರ ‘ಇಂಡಿಪೆಂಡೆಂಟ್ ಆರ್ಡರ್ ಆಫ್ ಸೇಂಟ್ ಲ್ಯೂಕ್’ ಸೇರಿ, ಸಣ್ಣಪುಟ್ಟ ಕೆಲಸಗಳನ್ನು ಮಾಡುತ್ತ ಬೆಳೆದವರು. 1899ರಲ್ಲಿ ಸಂಘ ಮುಳುಗುವ ಹಂತದಲ್ಲಿದ್ದಾಗ ಅದರ ಚುಕ್ಕಾಣಿಯನ್ನು ಅವರ ಕೈಗೆ ಕೊಟ್ಟರು. ಹುದ್ದೆಯ ಹೆಸರು ಕಾರ್ಯದರ್ಶಿಯೇ. 1903ರಲ್ಲಿ ಅವರು ಅದೇ ಸಂಘದ ಆಶ್ರಯದಲ್ಲಿ ಸೇಂಟ್ ಲ್ಯೂಕ್ ಪೆನಿ ಸೇವಿಂಗ್ಸ್ ಬ್ಯಾಂಕ್ ತೆರೆದರು. 1934ರಲ್ಲಿ ತೀರಿಕೊಳ್ಳುವ ತನಕವೂ ಕಾರ್ಯದರ್ಶಿಯ ಹುದ್ದೆಯನ್ನು ಬಿಡಲಿಲ್ಲ. ಆ ಹೆಂಗಸಿಗೆ ಸಂಘದವರು 1899ರಲ್ಲಿ ಒಂದು ಬೆಳ್ಳಿ ತಟ್ಟೆ ಕೊಟ್ಟು ಕಳುಹಿಸಿದ್ದರೆ?

ಇನ್ನು ಹಣ. ಗಿಫ್ಟ್ ಕಾರ್ಡ್ ನಿಲ್ಲಿಸಿ ಎಂಬುದು ನನ್ನ ನೇರ ಸಲಹೆ. ಅಮೆರಿಕದ ತೆರಿಗೆ ಇಲಾಖೆ ಗಿಫ್ಟ್ ಕಾರ್ಡನ್ನು ನಗದಿಗೆ ಸಮ ಎಂದೇ ನೋಡುತ್ತದೆ. ಹೂವು, ಫಲಕ, ಒಂದು ಹೊತ್ತಿನ ಊಟ ಇವುಗಳಿಗೆ ಸಿಗುವ ಸಣ್ಣ ಉಡುಗೊರೆಯ ರಿಯಾಯಿತಿ ಅದಕ್ಕಿಲ್ಲ. ಪಡೆದವರ ಆದಾಯಕ್ಕೆ ಅದು ಸೇರಬೇಕು. ಸಣ್ಣ ಪಿಂಚಣಿಯಲ್ಲಿ ಬದುಕುವ ಮುದುಕಿಗೆ 100 ಡಾಲರಿನ ಕಾರ್ಡೂ, ಜೊತೆಗೊಂದು ಲೆಕ್ಕದ ತಲೆನೋವೂ ಸಿಕ್ಕಿದಂತೆ. ಇನ್ನೊಂದು ಸೂಕ್ಷ್ಮವಿದೆ. ಸ್ವಯಂಸೇವಕರನ್ನು ಮೊಕದ್ದಮೆಗಳಿಂದ ಕಾಪಾಡುವ 1997ರ ಕೇಂದ್ರ ಕಾನೂನು, ವರ್ಷಕ್ಕೆ 500 ಡಾಲರಿಗಿಂತ ಹೆಚ್ಚು ಬೆಲೆಯದನ್ನು ಸಂಬಳದ ಬದಲಾಗಿ ಪಡೆದವರನ್ನು ಸ್ವಯಂಸೇವಕರೆಂದು ಲೆಕ್ಕಿಸುವುದಿಲ್ಲ. ಆ ಕಾನೂನು ನಿಮ್ಮ ಶಾಖೆಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎನ್ನುವುದನ್ನು ಪ್ರಧಾನ ಕಚೇರಿಯ ವಕೀಲರು ಹೇಳಬೇಕು. ಕೆಲವು ಸೊಸೈಟಿಗಳಲ್ಲಿ ಕಾರ್ಯದರ್ಶಿಗೆ ಒಂದಿಷ್ಟು ಗೌರವಧನ ಇರುತ್ತದೆ. ನಿಮ್ಮಲ್ಲೂ ಇದ್ದರೆ ಅದನ್ನೂ ಆ ವಕೀಲರಿಗೆ ತಿಳಿಸಿಯೇ ಕೇಳಿ.

ಆದರೆ ಹಣ ಕೊಡಲೇಬೇಕಾದ ಒಂದು ಜಾಗವಿದೆ, ಅಲ್ಲಿ ಮಾತ್ರ ಯಾರೂ ಕೊಡುವುದಿಲ್ಲ. 31 ವರ್ಷ ಆಸ್ಪತ್ರೆಗೆ, ರೋಗಿಗಳ ಮನೆಗೆ ಓಡಿಸಿದ ಕಾರಿನ ಪೆಟ್ರೋಲು ಯಾರದು? ದಾನಧರ್ಮದ ಕೆಲಸಕ್ಕೆ ಓಡಿಸಿದ ಕಾರಿಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಸಿಗುವುದು ಮೈಲಿಗೆ 14 ಸೆಂಟ್. 1998ರಿಂದ ಆ ದರ ಅಲ್ಲಿಯೇ ಕೂತಿದೆ, ಏಕೆಂದರೆ ಅದನ್ನು ಬದಲಿಸಲು ಸಂಸತ್ತೇ ಕಾನೂನು ತಿದ್ದಬೇಕು. ರಸೀತಿ ನೋಡಿ ಪೆಟ್ರೋಲು, ಅಂಚೆಚೀಟಿ, ಫೋನ್ ಖರ್ಚನ್ನು ಶಾಖೆಯೇ ಭರಿಸುವ ಏರ್ಪಾಡು ಮಾಡಿ. ನಿಮ್ಮ 1,500 ಡಾಲರಿನಲ್ಲಿ ಅರ್ಧವನ್ನು ಇದಕ್ಕೇ ಎತ್ತಿಡಿ. ಕೇಳಿ ಪಡೆಯಬೇಕಾದ ಸ್ಥಿತಿಯಲ್ಲಿ ಅವರನ್ನು ನಿಲ್ಲಿಸಬೇಡಿ, ಪ್ರತಿ ತಿಂಗಳು ಖಜಾಂಚಿಯೇ ‘ರಸೀತಿ ಎಲ್ಲಿ’ ಎಂದು ಕೇಳಲಿ. ಇದನ್ನು ಯಾರೂ ಸನ್ಮಾನ ಎನ್ನುವುದಿಲ್ಲ. ಪರವಾಗಿಲ್ಲ.

ಹೊಸಬರನ್ನೂ ಮರೆಯಬೇಡಿ, ಈ ವಿಷಯದಲ್ಲಿ ಒಂದು ಪ್ರಯೋಗದ ಆಧಾರವಿದೆ. ಜರ್ಮನ್ ಭಾಷೆಯ ವಿಕಿಪೀಡಿಯಾದಲ್ಲಿ ಸಂಶೋಧಕಿ ಯಾನಾ ಗಾಲುಸ್ ಹೊಸದಾಗಿ ಬರೆಯಲು ಬಂದ ಸ್ವಯಂಸೇವಕರಲ್ಲಿ ಚೀಟಿ ಎತ್ತಿದಂತೆ ಕೆಲವರನ್ನು ಆರಿಸಿ, ಹಣವಿಲ್ಲದ, ಬರೀ ಹೆಸರಿನ ಒಂದು ಮನ್ನಣೆ ಕೊಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮನ್ನಣೆ ಪಡೆದವರಲ್ಲಿ ಮುಂದಿನ ತಿಂಗಳೂ ಕೆಲಸಕ್ಕೆ ನಿಂತವರ ಪ್ರಮಾಣ ಪಡೆಯದವರಿಗಿಂತ ಶೇಕಡ 20ರಷ್ಟು ಹೆಚ್ಚಾಗಿತ್ತು. ನಮ್ಮ ಸೊಸೈಟಿಗಳು ಇದಕ್ಕೆ ತಿರುಗುಮುರುಗಾಗಿ ನಡೆದುಕೊಳ್ಳುತ್ತವೆ. 30 ವರ್ಷ ಏನೂ ಹೇಳದೆ ದುಡಿಸಿಕೊಂಡು ಆಮೇಲೆ ಒಮ್ಮೆಗೇ ಹೋಟೆಲಿಗೆ ಕರೆಯುತ್ತವೆ. ಈ ವರ್ಷ ಮೊದಲ ಬಾರಿಗೆ ಅಡುಗೆಮನೆಗೆ ಬಂದು ಆಲೂಗಡ್ಡೆ ಸುಲಿದ ಹುಡುಗನಿಗೆ ಮರುದಿನವೇ ಕೈಬರಹದ ಎರಡು ಸಾಲು ಕಳುಹಿಸಿ. ಅದನ್ನು ಆ ಹಿರಿಯ ಕಾರ್ಯದರ್ಶಿಯೇ ಬರೆದರೆ ಇನ್ನೂ ಒಳ್ಳೆಯದು. ಅವರ ಅಕ್ಷರ ಖಂಡಿತ ನಿಮಗಿಂತ ಚೆನ್ನಾಗಿರುತ್ತದೆ, ಆ ತಲೆಮಾರಿನವರದು ಹಾಗೆಯೇ.

ಶಾಲಿನ ಪ್ರಶ್ನೆ. ಯಾರೂ ನಗುವುದಿಲ್ಲ, ತನ್ನಿ. ನಮ್ಮಲ್ಲಿ ಶಾಲು ಹೊದಿಸುವುದು ಎಷ್ಟು ಅತಿಯಾಯಿತೆಂದರೆ 2021ರಲ್ಲಿ ರಾಜ್ಯ ಸರ್ಕಾರವೇ ತನ್ನ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲು ಬೇಡ, ಬೇಕಿದ್ದರೆ ಕನ್ನಡ ಪುಸ್ತಕ ಕೊಡಿ ಎಂದು ಸುತ್ತೋಲೆ ಹೊರಡಿಸಬೇಕಾಯಿತು. ಆದರೆ ಷಿಕಾಗೊದ ಚಳಿಯಲ್ಲಿ ಶಾಲಿಗೆ ಕೆಲಸವಿದೆ. ಒಂದೇ ಶಾಲು, ಒಬ್ಬರಿಗೇ, ಅದೂ ನಿಮ್ಮ ಸ್ವಂತದ್ದು ಎಂದು ಹೇಳಿ ಹೊದಿಸಿ. ‘ನಮ್ಮ ಊರಿನಲ್ಲಿ ಹಿರಿಯರಿಗೆ ಹೀಗೆ ಮಾಡುತ್ತೇವೆ’ ಎಂದರೆ ಸಾಕು, ವಿವರಣೆ ಬೇಡ. ಪೇಟ ಬೇಡ. ಅದು ಭಾವಚಿತ್ರಕ್ಕೆ ತೊಡಿಸುವ ವಸ್ತು, ಮತ್ತು ಅಲ್ಲಿಯವರಿಗೆ ವೇಷದಂತೆ ಕಾಣುವ ಅಪಾಯವಿದೆ. ಹಣ್ಣಿನ ಬುಟ್ಟಿಯನ್ನು ಅವರು ಆ ವಾರ ನೋಡಲಿರುವ ರೋಗಿಗಳ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಅದು ಗೊತ್ತಿದ್ದೇ ಕೊಡುವುದಾದರೆ ಎರಡು ಬುಟ್ಟಿ ಕೊಡಿ.

ಮೂರನೆಯ ಸಲವೂ ಬೇಡ ಎಂದರೆ? ಹಾಗಾದರೆ ಅವರ ಹೆಸರಿನ ಸಮಾರಂಭವನ್ನು ಕೈಬಿಡಿ. ಬದಲಿಗೆ ಆ ಲೆಕ್ಕಪುಸ್ತಕಕ್ಕೆ ಒಂದು ಸಂಜೆಯನ್ನು ಮೀಸಲಿಡಿ. ಅವರಿಗಿಂತ ಮುಂಚೆ ಅದನ್ನು ಬರೆದವರು ಯಾರು, ಅವರಿಗೆ ಹೇಳಿಕೊಟ್ಟವರು ಯಾರು ಎಂದು ಅವರನ್ನೇ ಮಾತನಾಡಿಸಿ. ತಮ್ಮ ಬಗ್ಗೆ ಒಂದು ಮಾತೂ ಒಪ್ಪದ ಹೆಂಗಸು ತಮ್ಮ ಹಿಂದಿನವರ ಬಗ್ಗೆ ಗಂಟೆಗಟ್ಟಲೆ ಹೇಳುವುದನ್ನು ನಾನು ಕಂಡಿದ್ದೇನೆ. ಯಾರಾದರೂ ಒಬ್ಬರು ಅದನ್ನು ಮೊಬೈಲಿನಲ್ಲಿ ದಾಖಲಿಸಿಕೊಳ್ಳಲಿ, ಅವರ ಅನುಮತಿ ಕೇಳಿ. ನೀವು ಬರೆದಿಟ್ಟಿರುವ ಆ ಒಂದು ಪುಟವನ್ನು ಓದಬೇಡಿ. ಎಲ್ಲರೂ ಹೋದ ಮೇಲೆ ಅವರ ಕೈಗೆ ಕೊಟ್ಟುಬನ್ನಿ.

ಸ್ಥಳ ಅವರ ಮನೆಗೆ ಹತ್ತಿರವಿರಲಿ, ಸಮಯ ಹಗಲಿನದಿರಲಿ, ಕರೆದುಕೊಂಡು ಬರುವ ಕಾರು ನಿಮ್ಮದಿರಲಿ. ದಿನ ಗೊತ್ತುಮಾಡುವಾಗ ಈಸ್ಟರಿಗೆ ಮುಂಚಿನ ತಪಸ್ಸುಕಾಲದ, ಮಾಂಸ ಬಿಡುವ ಶುಕ್ರವಾರಗಳನ್ನು ಮಾತ್ರ ಬಿಟ್ಟುಬಿಡಿ. ಆ ಸಂಜೆಗಳಲ್ಲಿ ನೀವು ಸನ್ಮಾನಿಸಬೇಕಾದವರೆಲ್ಲ ಇಗರ್ಜಿಯ ನೆಲಮಾಳಿಗೆಯಲ್ಲಿ ಊರಿಗೆಲ್ಲ ಮೀನು ಕರಿಯುತ್ತಿರುತ್ತಾರೆ.